ಕಡಲ ಹೂವನ್ನು ಮನೆಗೆ ತರುವ ಮುನ್ನ



ಹಿಂದಿನ ಒಂದು ಮಾತುಕತೆಯಲ್ಲಿ ನಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂ ವಿಷಯ ಮಾತಿನ ಮಧ್ಯೆ ಬಂದಿತ್ತು. ಅದಾದ ಮೇಲೆ ನಿಮ್ಮಲ್ಲಿ ಕೆಲವರು ಸಿಕ್ಕಾಗಲೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಂಕಲ್, ನೆಮೊ ಇರುತ್ತಲ್ಲ, ಆ ಅನೆಮನಿ ಸಾಕೋದು ಹೇಗೆ?" ಕೇಳಿದವರೆಲ್ಲ ಹದಿನೈದರಿಂದ ಹದಿನೆಂಟರ ಒಳಗಿನವರು. ಇವತ್ತಿನ ಮಾತು ನಿಮಗಾಗಿಯೇ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನನ್ನ ಮಗಳಿಗೆ ಹನ್ನೆರಡು ತುಂಬಿದಾಗ 200 ಲೀಟರಿನ ಟ್ಯಾಂಕ್ ತಂದೆವು. ಆರು ವಾರಕ್ಕೆ ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು, ಮೂರು ಮೀನು ಚೆನ್ನಾಗಿ ಓಡಾಡುತ್ತಿದ್ದವು. ಇನ್ನೇನು ಕಾಯುವುದು ಎಂದು ಒಂದು ಶನಿವಾರ ಅನೆಮನಿಯನ್ನೂ ತಂದೆ. ಅದು ಎರಡು ದಿನ ಗಾಜಿನ ಮೇಲೆ ತೆವಳಿತು. ನಾಲ್ಕನೆಯ ರಾತ್ರಿ ನೀರು ತಳ್ಳುವ ಪಂಪಿನ ಬಾಯಿಗೆ ಸಿಕ್ಕಿ ಚೂರು ಚೂರಾಯಿತು. ಬೆಳಗ್ಗೆ ಎದ್ದು ನೋಡಿದರೆ ಟ್ಯಾಂಕಿನ ನೀರು ಗಂಜಿಯ ಹಾಗಿತ್ತು. ಮೂರು ಮೀನೂ ಸತ್ತಿದ್ದವು. ಮಗಳು ಅಳಲಿಲ್ಲ. "ಅಪ್ಪ, ನಾವು ಯಾಕೆ ಕಾಯಲಿಲ್ಲ?" ಎಂದು ಮಾತ್ರ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿ, ಕೇಳಿ, ಕಾದು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಅಂಥ ಬೆಳಗು ಬಾರದಿರಲಿ.

ಅನೆಮನಿ ಎಂದರೇನು?

ಅದು ನೋಡಲು ಹೂವು, ನಿಜದಲ್ಲಿ ಪ್ರಾಣಿ. ಹವಳ, ಅಂಬಲಿಮೀನು (ನೀವು ಜೆಲ್ಲಿಫಿಶ್ ಅನ್ನುತ್ತೀರಲ್ಲ, ಅದು) ಇವುಗಳ ಹತ್ತಿರದ ನೆಂಟ. ಅನೆಮನಿ ಎಂಬ ಹೆಸರೂ ತೋಟದ ಹೂವೊಂದರಿಂದ ಬಂದದ್ದು. ಅದರ ಮೂಲ, ಗಾಳಿ ಎಂಬ ಅರ್ಥದ ಗ್ರೀಕ್ ಪದ. ನಾನು ಇದನ್ನು ಕಡಲ ಹೂವು ಎಂದೇ ಕರೆಯುತ್ತೇನೆ. ಕೆಳಗೆ ಬಂಡೆಗೆ ಅಂಟಿಕೊಳ್ಳುವ ಒಂದು ಪಾದ, ಮೇಲೆ ನಡುವೆ ಒಂದು ಬಾಯಿ, ಬಾಯಿಯ ಸುತ್ತ ಬೆರಳಿನಂಥ ಎಳೆಗಳು. ಈ ಎಳೆಗಳಿಗೆ ಕನ್ನಡದಲ್ಲಿ ಕರಬಳ್ಳಿ ಎನ್ನುತ್ತಾರೆ. ಕರ ಅಂದರೆ ಕೈ, ಬಳ್ಳಿಯಂಥ ಕೈ. ಆ ಒಂದೇ ಬಾಯಿಯಿಂದ ಊಟ ಒಳಗೆ ಹೋಗುತ್ತದೆ, ಕಸವೂ ಅಲ್ಲಿಂದಲೇ ಹೊರಗೆ ಬರುತ್ತದೆ. ಮಿದುಳಿಲ್ಲ, ಕಣ್ಣಿಲ್ಲ.

ಕರಬಳ್ಳಿಗಳ ತುಂಬ ಕುಟುಕುವ ಕಣಗಳಿವೆ. ಒಂದೊಂದು ಕಣದಲ್ಲೂ ಸುರುಳಿ ಸುತ್ತಿದ ಮುಳ್ಳಿನ ದಾರ. ಏನಾದರೂ ತಾಗಿದರೆ ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಚಿಮ್ಮಿ ವಿಷ ಚುಚ್ಚುತ್ತದೆ. ಬೆರಳಿನ ದಪ್ಪ ಚರ್ಮಕ್ಕೆ ಬರೀ ಅಂಟಿದ ಹಾಗೆ ಅನಿಸಬಹುದು. ಮೊಣಕೈ ಒಳಭಾಗದ ಮೆತ್ತನೆಯ ಚರ್ಮಕ್ಕೆ ಉರಿ ಏಳುತ್ತದೆ. ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಟ್ಯಾಂಕಿನಲ್ಲಿ ಕೈ ಹಾಕುವಾಗ ಗ್ಲೌಸ್ ಇರಲಿ. ತೆಗೆದ ಕೈಯನ್ನು ತೊಳೆಯದೆ ಕಣ್ಣು ಮುಟ್ಟಬೇಡಿ.

ಮೈಯೊಳಗೊಂದು ಅಡುಗೆಮನೆ

ಅಕ್ವೇರಿಯಂನಲ್ಲಿ ಸಾಕುವ ಉಷ್ಣವಲಯದ ಅನೆಮನಿಗಳ ಮೈಯೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸವಾಗಿರುತ್ತವೆ. ಅವು ಬೆಳಕಿನಿಂದ ಸಕ್ಕರೆ ತಯಾರಿಸಿ ದೊಡ್ಡ ಪಾಲನ್ನು ಮನೆ ಕೊಟ್ಟ ಅನೆಮನಿಗೆ ಕೊಡುತ್ತವೆ. ಅದರ ಕಂದು ಬಣ್ಣದಲ್ಲಿ ಈ ಪಾಚಿಯ ಪಾಲು ಬಹಳ. ಹಾಗಾಗಿ ಬೆಳಕು ಅನೆಮನಿಗೆ ಅಲಂಕಾರವಲ್ಲ, ಊಟ. ಬೆಳಕು ಸಾಲದಿದ್ದರೆ, ಇಲ್ಲವೇ ನೀರು ತುಂಬ ಬಿಸಿಯಾದರೆ, ಪಾಚಿ ಹೊರಟುಹೋಗಿ ಅನೆಮನಿ ಬಿಳಿಚಿಕೊಳ್ಳುತ್ತದೆ. ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗಿರುವುದನ್ನು ಕಂಡು "ಎಷ್ಟು ಚೆಂದ" ಎಂದು ಕೊಳ್ಳುವವರಿದ್ದಾರೆ. ಅದು ಹಸಿದ ಪ್ರಾಣಿಯ ಬಣ್ಣ. ಕಣ್ಣು ಕುಕ್ಕುವ ಹಳದಿ ಬಣ್ಣದವುಗಳಲ್ಲಿ ಕೆಲವಕ್ಕೆ ಬಣ್ಣವನ್ನೇ ಹಾಕಿರುತ್ತಾರೆ. ಎರಡನ್ನೂ ಅಲ್ಲೇ ಬಿಟ್ಟು ಬನ್ನಿ.

ಹವಳ ಬೆಳೆಸಲು ಮಾಡಿದ ಎಲ್‌ಇಡಿ ದೀಪ ಬೇಕು. ಮೀನಿಗೆಂದು ಕೊಡುವ ಸಾಮಾನ್ಯ ದೀಪ ಸಾಲದು. ದಿನಕ್ಕೆ ಎಂಟರಿಂದ ಹತ್ತು ಗಂಟೆ, ಟೈಮರ್ ಹಾಕಿ. ಹೊಸದಾಗಿ ತಂದ ಅನೆಮನಿಗೆ ಮೊದಲು ಕಡಿಮೆ ಬೆಳಕು ಕೊಟ್ಟು, ಎರಡು ಮೂರು ವಾರದಲ್ಲಿ ನಿಧಾನವಾಗಿ ಏರಿಸಬೇಕು.

ನೀರಿಗೆ ಹೆಪ್ಪು ಹಾಕುವುದು

ಈಗ ನಾನು ಎಡವಿದ ಜಾಗಕ್ಕೆ ಬರೋಣ. ಆರು ವಾರದ ಟ್ಯಾಂಕಿನಲ್ಲಿ ಮೀನು ಬದುಕಿತು, ಅನೆಮನಿ ಯಾಕೆ ಬದುಕಲಿಲ್ಲ?

ಅಮ್ಮ ಹಾಲಿಗೆ ಹೆಪ್ಪು ಹಾಕುವುದನ್ನು ನೋಡಿದ್ದೀರಲ್ಲ? ಒಂದು ಚಮಚ ಮೊಸರಿನಲ್ಲಿರುವ ಬ್ಯಾಕ್ಟೀರಿಯಾ ರಾತ್ರಿಯೆಲ್ಲ ಬೆಳೆದು ಪಾತ್ರೆಯ ಹಾಲನ್ನೆಲ್ಲ ಮೊಸರು ಮಾಡುತ್ತದೆ. ಟ್ಯಾಂಕಿಗೂ ಹೀಗೇ ಹೆಪ್ಪು ಬೇಕು. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಇದರ ಅಪಾಯ ಬಹಳ ಕಡಿಮೆ. ಈ ಬ್ಯಾಕ್ಟೀರಿಯಾ ಕಲ್ಲುಗಳ ರಂಧ್ರಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಾನು ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡೆ. ಮೊಸರು ಹೆಪ್ಪುಗಟ್ಟಲು ಆರಂಭಿಸಿದಾಗಲೇ ಪಾತ್ರೆ ಅಲುಗಾಡಿಸಿದಂತಾಯಿತು.

ಹೊಸ ಟ್ಯಾಂಕಿನಲ್ಲಿ ಉಪ್ಪು, ಕ್ಷಾರ, ನೈಟ್ರೇಟ್ ಎಲ್ಲವೂ ತಿಂಗಳುಗಟ್ಟಲೆ ಏರಿಳಿಯುತ್ತವೆ. ಮೀನು ತನ್ನ ಮೈಯೊಳಗಿನ ಉಪ್ಪನ್ನು ತಾನೇ ಹದದಲ್ಲಿ ಇಟ್ಟುಕೊಳ್ಳುತ್ತದೆ. ಅನೆಮನಿಗೆ ಆ ಏರ್ಪಾಡಿಲ್ಲ. ಒಳಗಿನ ನೀರಿಗೂ ಹೊರಗಿನ ನೀರಿಗೂ ನಡುವೆ ತೆಳು ಮೈ ಅಷ್ಟೇ. ಹೊರಗೆ ಆದದ್ದೆಲ್ಲ ಒಳಗೂ ಆಗುತ್ತದೆ. ಆದ್ದರಿಂದ ಟ್ಯಾಂಕಿಗೆ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ತುಂಬುವವರೆಗೆ ಅನೆಮನಿ ತರಬೇಡಿ. ಇವತ್ತು ನಾನು ಹೇಳುವ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಆ ಒಂದು ವರ್ಷ ಸುಮ್ಮನೆ ಕೂರುವುದಲ್ಲ, ಅಳೆಯುವುದನ್ನು ರೂಢಿ ಮಾಡಿಕೊಳ್ಳುವುದು. ಒಂದು ನೋಟ್‌ಬುಕ್ ಇಡಿ. ಶಾಖ 24ರಿಂದ 26 ಡಿಗ್ರಿ ಸೆಲ್ಸಿಯಸ್. ಉಪ್ಪು ಲೀಟರಿಗೆ ಸುಮಾರು 35 ಗ್ರಾಂ. ರಿಫ್ರ್ಯಾಕ್ಟೋಮೀಟರಿನಲ್ಲಿ ಅದು 1.025 ಅಥವಾ 1.026 ಎಂದು ಕಾಣುತ್ತದೆ. ಪಿಎಚ್ 8.1ರಿಂದ 8.4. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂ ಒಳಗೆ. ಒಂದು ದಿನದ ಸರಿಯಾದ ಅಂಕಿಯಿಂದ ಏನೂ ತಿಳಿಯುವುದಿಲ್ಲ. ವಾರದಿಂದ ವಾರಕ್ಕೆ, ತಿಂಗಳಿಂದ ತಿಂಗಳಿಗೆ ಅದೇ ಅಂಕಿ ನಿಂತರೆ ಟ್ಯಾಂಕ್ ಹದಕ್ಕೆ ಬಂತು ಎಂದು ಅರ್ಥ.

ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸಿ. 200 ಲೀಟರಿನ ಟ್ಯಾಂಕಿಗೆ 20 ಲೀಟರ್. ಅದಕ್ಕೆ ಬೇಕಾಗುವ ಉಪ್ಪು ಸುಮಾರು 700 ಗ್ರಾಂ. ಇದು ಅಡುಗೆ ಉಪ್ಪಲ್ಲ, ಅಕ್ವೇರಿಯಂಗೆಂದೇ ಸಿಗುವ ಕಡಲುಪ್ಪಿನ ಮಿಶ್ರಣ. ನಲ್ಲಿ ನೀರು ಬೇಡ. ಲಂಡನ್ ಸುತ್ತಮುತ್ತ ಕೆಟಲ್‌ನಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿಯೇ ಇದ್ದೀರಿ. ಅಷ್ಟು ಗಡಸು ನೀರು ನಮ್ಮದು. ಆರ್‌ಒ ಫಿಲ್ಟರಿನಲ್ಲಿ ಶುದ್ಧ ಮಾಡಿದ ನೀರನ್ನೇ ಬಳಸಿ.

ಫ್ರಿಜ್ ಮೇಲಿನ ಚೀಟಿ

ಚಳಿಗಾಲದಲ್ಲಿ ಹೀಟಿಂಗ್ ಹಾಕಿದರೆ ಟ್ಯಾಂಕಿನ ನೀರು ದಿನಕ್ಕೆ ಒಂದೆರಡು ಲೀಟರ್ ಆವಿಯಾಗಿ ಹೋಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆ ಕೊರತೆಯನ್ನು ಉಪ್ಪುನೀರಿನಿಂದ ತುಂಬಿದರೆ ದಿನದಿಂದ ದಿನಕ್ಕೆ ಉಪ್ಪು ಏರುತ್ತ ಹೋಗುತ್ತದೆ. ಉಪ್ಪಿಲ್ಲದ ಆರ್‌ಒ ನೀರನ್ನೇ ತುಂಬಬೇಕು. ಹೊಸಬರು ಬಹಳ ಮಾಡುವ ತಪ್ಪು ಇದು.

ಒಂದು ಬೇಸಿಗೆಯಲ್ಲಿ ನಾವು ಮೂವರೂ ಹತ್ತು ದಿನ ಹೊರಗೆ ಹೋಗಬೇಕಾಯಿತು. ಮನೆಯಲ್ಲಿದ್ದವರು ಊರಿನಿಂದ ಬಂದಿದ್ದ ನನ್ನ ಅಮ್ಮ. ಮಗಳು ಅಜ್ಜಿಗಾಗಿ ದೊಡ್ಡ ದೊಡ್ಡ ಅಕ್ಷರದಲ್ಲಿ ಕನ್ನಡದ ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿದಳು. ಅದಕ್ಕೆ ಮುಂಚೆ ನನ್ನ ಹತ್ತಿರ ಬಂದು, "ಫ್ರೆಶ್ ವಾಟರ್‌ಗೆ ಕನ್ನಡದಲ್ಲಿ ಏನು?" ಎಂದಳು. ಸಿಹಿನೀರು ಎಂದೆ. "ಶುಗರ್ ಹಾಕಿದ ನೀರಾ?" ಎಂದು ಗಾಬರಿಯಾದಳು. ಇಲ್ಲಮ್ಮ, ಉಪ್ಪಿಲ್ಲದ ಬಾವಿ, ಕೆರೆ, ಹೊಳೆಯ ನೀರಿಗೆಲ್ಲ ನಾವು ಸಿಹಿನೀರು ಅನ್ನುತ್ತೇವೆ ಎಂದು ವಿವರಿಸಿದೆ. ಚೀಟಿಯ ಮೊದಲ ಸಾಲು ಹೀಗಿತ್ತು: "ಅಜ್ಜಿ, ಗೆರೆ ತನಕ ಸಿಹಿನೀರು. ಸಕ್ಕರೆ ಇಲ್ಲ. ಉಪ್ಪು ಇಲ್ಲ." ಎರಡನೆಯ ಸಾಲು: "ತಾಮ್ರದ ಚೊಂಬು ಬೇಡ!"

ಆ ಎರಡನೆಯ ಸಾಲು ನಮ್ಮಂಥ ಮನೆಗಳಿಗೆ ತುಂಬ ಮುಖ್ಯ. ತಾಮ್ರ ಅನೆಮನಿಗೆ, ಸೀಗಡಿಗೆ, ಬಸವನಹುಳುವಿಗೆ ವಿಷ. ಬಹಳ ಕಡಿಮೆ ಪ್ರಮಾಣವೇ ಸಾಕು. ಟ್ಯಾಂಕಿನ ನೀರಿಗೆ ತಾಮ್ರದ, ಹಿತ್ತಾಳೆಯ ಪಾತ್ರೆ ಬಳಸಬೇಡಿ. ಒಂದು ಪ್ಲಾಸ್ಟಿಕ್ ಜಗ್ ಬೇರೆ ಇಡಿ. ಮೀನಿನ ಕಾಯಿಲೆಗೆ ಕೊಡುವ ಕೆಲವು ಔಷಧಗಳಲ್ಲೂ ತಾಮ್ರ ಇರುತ್ತದೆ. ಅಂಥ ಚಿಕಿತ್ಸೆಯನ್ನು ಬೇರೆ ಡಬ್ಬದಲ್ಲಿ ಮಾಡಬೇಕು.

ಯಾವುದನ್ನು, ಎಲ್ಲಿಂದ?

ಮೊದಲ ಸಲ ಸಾಕುವವರಿಗೆ ಬಬಲ್ ಟಿಪ್ ಅನೆಮನಿಯೇ ಸೂಕ್ತ. ಕರಬಳ್ಳಿಯ ತುದಿ ಗುಳ್ಳೆಯಂತೆ ಉಬ್ಬಿರುವುದರಿಂದ ಆ ಹೆಸರು. ಕೆಂಪು ಸಮುದ್ರದಿಂದ ಪೆಸಿಫಿಕ್ ದ್ವೀಪಗಳವರೆಗೆ ಸಿಗುವ ಈ ಜಾತಿ 30 ಸೆಂಟಿಮೀಟರ್ ಅಗಲಕ್ಕೂ ಬೆಳೆಯಬಲ್ಲದು. ಹಾಗಾಗಿ 120 ಲೀಟರಿಗಿಂತ ಚಿಕ್ಕ ಟ್ಯಾಂಕ್ ಬೇಡ. ಕಾರ್ಪೆಟ್ ಅನೆಮನಿ, ಮ್ಯಾಗ್ನಿಫಿಕಾ ನೋಡಲು ಭವ್ಯವಾಗಿರುತ್ತವೆ, ಸಾಕಲು ಬಹಳ ಕಷ್ಟ.

ಬಬಲ್ ಟಿಪ್‌ಗೆ ಇನ್ನೊಂದು ಗುಣವಿದೆ. ಅದು ತಾನೇ ನಡುವೆ ಸೀಳಿಕೊಂಡು ಎರಡಾಗುತ್ತದೆ. ಎರಡೂ ಬದುಕುತ್ತವೆ. ಹೀಗೆ ಮನೆಗಳ ಟ್ಯಾಂಕುಗಳಲ್ಲೇ ಹುಟ್ಟಿದ ಅನೆಮನಿ ಸಿಗುತ್ತದೆ. ಅದನ್ನೇ ಕೇಳಿ ಕೊಳ್ಳಿ. ಕಡಲಿನಿಂದ ಕಿತ್ತು ತಂದದ್ದು ಪ್ರಯಾಣದಲ್ಲೇ ಸೊರಗಿರುತ್ತದೆ. ಅಲ್ಲದೆ ಒಂದು ಅನೆಮನಿ ಕಿತ್ತರೆ ಅದರಲ್ಲಿದ್ದ ಮೀನುಗಳ ಮನೆಯನ್ನೂ ಕಿತ್ತ ಹಾಗೆ.

ಕಿತ್ತು ತರುವ ಹುಚ್ಚಿಗೆ ಈ ದೇಶದಲ್ಲೇ ಒಂದು ಹಳೆಯ ಉದಾಹರಣೆಯಿದೆ. ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿ ವಿಜ್ಞಾನಿ 1854ರಲ್ಲಿ "ದಿ ಅಕ್ವೇರಿಯಂ" ಎಂಬ ಪುಸ್ತಕ ಬರೆದರು. ಅದರ ಹಿಂದಿನ ವರ್ಷವಷ್ಟೇ ಲಂಡನ್ ಮೃಗಾಲಯದಲ್ಲಿ ಜನರಿಗೆ ತೋರಿಸುವ ಅಕ್ವೇರಿಯಂ ತೆರೆದಿತ್ತು. ಕಡಲ ಜೀವಿಗಳನ್ನು ಮನೆಯಲ್ಲಿ ಸಾಕುವ ಗೀಳು ಎಲ್ಲೆಡೆ ಹಬ್ಬಿತು. ಉಳಿ, ಸುತ್ತಿಗೆ, ಬುಟ್ಟಿ ಹಿಡಿದು ಜನ ಡೆವನ್ ತೀರದ ಬಂಡೆಗಳಿಗೆ ಮುಗಿಬಿದ್ದರು. ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ "ಫಾದರ್ ಅಂಡ್ ಸನ್" ಪುಸ್ತಕದಲ್ಲಿ, ತಾನು ಬಾಲ್ಯದಲ್ಲಿ ಕಂಡ ಆ ಬಂಡೆಗುಂಡಿಗಳು ಬರಿದಾದುದನ್ನು ನೋವಿನಿಂದ ನೆನೆಯುತ್ತಾರೆ. ಪ್ರೀತಿಯಿಂದ ಶುರುವಾದದ್ದೇ ತೀರವನ್ನು ಬರಿದು ಮಾಡಿತು.

ಅಂಗಡಿಯಲ್ಲಿ ನೋಡಬೇಕಾದದ್ದು ಇಷ್ಟು: ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಪಾದ ಎಲ್ಲೂ ಹರಿದಿರಬಾರದು, ಕಲ್ಲಿಗೋ ಗಾಜಿಗೋ ಗಟ್ಟಿಯಾಗಿ ಅಂಟಿರಬೇಕು. ಎದುರಿಗೇ ಒಂದು ಚೂರು ಆಹಾರ ಹಾಕಿಸಿ ನೋಡಿ. ಕರಬಳ್ಳಿ ಅದನ್ನು ಹಿಡಿಯಬೇಕು.

ನಡೆಯುವ ಹೂವು

ಮನೆಗೆ ತಂದ ಮೇಲೆ ಚೀಲದ ನೀರಿಗೆ ಟ್ಯಾಂಕಿನ ನೀರನ್ನು ಸಣ್ಣ ಕೊಳವೆಯಿಂದ ತೊಟ್ಟು ತೊಟ್ಟಾಗಿ ಒಂದು ಗಂಟೆಯ ಕಾಲ ಬಿಡಿ. ಆಮೇಲೆ ಪಂಪುಗಳನ್ನು ನಿಲ್ಲಿಸಿ, ಬಂಡೆಯ ಒಂದು ಬಿರುಕಿನ ಹತ್ತಿರ ಅದನ್ನು ಇಳಿಸಿ. ಬಬಲ್ ಟಿಪ್‌ಗೆ ಪಾದ ಬಿರುಕಿನೊಳಗೆ, ತಲೆ ಬೆಳಕಿನಲ್ಲಿ ಇರಬೇಕು. ಪಾದ ಹಿಡಿದುಕೊಂಡ ಮೇಲೆ ಪಂಪ್ ಹಾಕಿ.

ಅದಕ್ಕೆ ಜಾಗ ಹಿಡಿಸದಿದ್ದರೆ ನಡೆದು ಹೋಗುತ್ತದೆ. ನೀವು ಎಳೆದು ತಂದು ಮತ್ತೆ ನಿಮಗೆ ಬೇಕಾದ ಕಡೆ ಇಟ್ಟರೆ ಪಾದ ಹರಿಯುತ್ತದೆ. ಬಿಟ್ಟುಬಿಡಿ, ತನ್ನ ಜಾಗ ತಾನೇ ಹುಡುಕಲಿ. ಆದರೆ ನಡೆಯುವ ದಾರಿಯಲ್ಲಿ ಅಪಾಯ ಇಲ್ಲದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಅನೆಮನಿ ತರುವ ಮುಂಚೆಯೇ ಪ್ರತಿ ಪಂಪಿನ ಬಾಯಿಗೂ ದಪ್ಪ ಸ್ಪಾಂಜ್ ಅಥವಾ ಜಾಲರಿ ಕಟ್ಟಿ. ಹೀಟರಿಗೂ ಪ್ಲಾಸ್ಟಿಕ್ ಕವಚ ಹಾಕಿ. ನಮ್ಮ ಮೂರು ಮೀನು ಉಳಿಯಲು ಒಂದು ಸ್ಪಾಂಜ್ ತುಂಡು ಸಾಕಿತ್ತು. ಪಕ್ಕದಲ್ಲಿ ಹವಳ ಇದ್ದರೆ ಅನೆಮನಿ ಅದನ್ನು ಕುಟುಕುತ್ತದೆ, ಅದನ್ನೂ ಲೆಕ್ಕಕ್ಕಿಡಿ.

ಊಟ, ನೆಂಟ, ಕಾಯಿಲೆ

ಬೆಳಕಿನ ಊಟದ ಜೊತೆಗೆ ವಾರಕ್ಕೆ ಒಂದು ಸಲ ಕಡಲೆಕಾಳಿನಷ್ಟು ಸೀಗಡಿಯ ಚೂರು ಸಾಕು. ದೊಡ್ಡ ತುಂಡು ಕೊಟ್ಟರೆ ಜೀರ್ಣವಾಗದೆ ಉಗುಳುತ್ತದೆ, ನೀರು ಕೆಡುತ್ತದೆ. ನಮ್ಮದು ಸಸ್ಯಾಹಾರಿ ಮನೆ. ಸೀಗಡಿಯ ಡಬ್ಬ ಫ್ರೀಜರಿಗೆ ಬಂದ ದಿನ ದೊಡ್ಡ ಚರ್ಚೆಯೇ ನಡೆಯಿತು. ಕೊನೆಗೆ ಗ್ಯಾರೇಜಿನಲ್ಲಿ ಒಂದು ಪುಟ್ಟ ಫ್ರೀಜರ್ ಇಟ್ಟೆವು. ನಿಮ್ಮ ಮನೆಯಲ್ಲೂ ಈ ಮಾತನ್ನು ಮೊದಲೇ ಆಡಿ ಮುಗಿಸಿ.

ನೆಮೊ ಇಲ್ಲದೆ ಅನೆಮನಿ ಟ್ಯಾಂಕಿನಲ್ಲಿ ಚೆನ್ನಾಗಿಯೇ ಇರುತ್ತದೆ. ಕ್ಲೌನ್‌ಫಿಶ್ ಕೂಡ ಟ್ಯಾಂಕಿನಲ್ಲಿ ಅನೆಮನಿ ಇಲ್ಲದೆ ಬದುಕುತ್ತದೆ. ಕಡಲಲ್ಲಿ ಮಾತ್ರ ಮೀನಿಗೆ ಅದು ಕೋಟೆ. ಮೀನಿನ ಮೈಮೇಲಿನ ಲೋಳೆ ಅದನ್ನು ಕುಟುಕಿನಿಂದ ಕಾಪಾಡುತ್ತದೆ. ಬದಲಿಗೆ ಮೀನು ಅನೆಮನಿಯನ್ನು ತಿನ್ನಲು ಬರುವವರನ್ನು ಓಡಿಸುತ್ತದೆ, ಅದರ ಹೇಲು ಪಾಚಿಗೆ ಗೊಬ್ಬರವಾಗುತ್ತದೆ. ಇನ್ನೊಂದು ವಿಷಯ: 2003ರ ಸಿನಿಮಾದ ನೆಮೊ ಜಾತಿಯ ಮೀನು ಕಡಲಲ್ಲಿ ಸಾಮಾನ್ಯವಾಗಿ ಬಬಲ್ ಟಿಪ್‌ನಲ್ಲಿ ವಾಸಿಸುವುದಿಲ್ಲ. ಟ್ಯಾಂಕಿನಲ್ಲಿ ಎಷ್ಟೋ ಸಲ ಒಪ್ಪಿಕೊಳ್ಳುತ್ತದೆ, ಕೆಲವು ಸಲ ವರ್ಷಗಟ್ಟಲೆ ತಿರುಗಿಯೂ ನೋಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಅನೆಮನಿ ಆಗಾಗ ಗಾಳಿ ಹೋದ ಬಲೂನಿನಂತೆ ಮುದುಡಿ, ಕಂದು ಲೋಳೆ ಉಗುಳಿ, ಕೆಲವು ಗಂಟೆಯಲ್ಲಿ ಮತ್ತೆ ಅರಳುತ್ತದೆ. ಕಸ ಹಾಕುವುದೇ ಹಾಗೆ. ಭಯ ಬೇಡ. ಆದರೆ ದಿನಗಟ್ಟಲೆ ಮುದುಡಿದ್ದು, ಬಾಯಿ ಅಗಲವಾಗಿ ತೆರೆದು, ಪಾದ ಹಿಡಿತ ಬಿಟ್ಟು, ಮೈ ಕರಗಿದಂತೆ ಕಂಡು ಕೊಳೆತ ವಾಸನೆ ಬಂದರೆ ಅದು ಮುಗಿದಿದೆ. ತಕ್ಷಣ ತೆಗೆದು, ನೀರು ಬದಲಿಸಿ. ತಡಮಾಡಿದರೆ ಟ್ಯಾಂಕಿನ ಎಲ್ಲವೂ ಹೋಗುತ್ತವೆ. ಬೇಡವಾದ ಅನೆಮನಿಯನ್ನು ಮಾತ್ರ ಎಂದೂ ಕಡಲಿಗೆ ಬಿಡಬೇಡಿ. ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಿ.

ಐವತ್ತೊಂಬತ್ತು ವರ್ಷ

ಕೊನೆಯದಾಗಿ ಒಂದು ಅಜ್ಜಿಯ ಕಥೆ. 1828ರಲ್ಲಿ ಸರ್ ಜಾನ್ ಡಾಲಿಯೆಲ್ ಎಂಬವರು ಸ್ಕಾಟ್ಲೆಂಡಿನ ನಾರ್ತ್ ಬೆರಿಕ್ ತೀರದಿಂದ ಒಂದು ಅನೆಮನಿಯನ್ನು ತಂದರು. ಇಲ್ಲಿನ ಬಂಡೆಗಳಲ್ಲಿ ಮಾಮೂಲಾಗಿ ಕಾಣುವ ಬೀಡ್ಲೆಟ್ ಜಾತಿ ಅದು. ಪಂಪಿಲ್ಲ, ಎಲ್‌ಇಡಿ ಇಲ್ಲ, ಒಂದು ಗಾಜಿನ ಜಾಡಿ ಅಷ್ಟೇ. ತಂಪು ಕಡಲಿನ ಈ ಜಾತಿಗೆ ಅಷ್ಟು ಸಾಕಾಯಿತು. ಕಡಲ ನೀರನ್ನು ತಪ್ಪದೆ ಬದಲಿಸುತ್ತಿದ್ದರು. 1851ರಲ್ಲಿ ಡಾಲಿಯೆಲ್ ತೀರಿಕೊಂಡರು. ಅನೆಮನಿ ಬದುಕಿತ್ತು. ಅದು ಕೈಯಿಂದ ಕೈಗೆ ದಾಟಿ, ಕೊನೆಗೆ ಎಡಿನ್‌ಬರೊದ ಬೊಟಾನಿಕ್ ಗಾರ್ಡನ್ ಸೇರಿತು. ಜನ ಅದನ್ನು ಗ್ರ್ಯಾನಿ ಎಂದು ಕರೆದರು. ನೂರಾರು ಮರಿ ಹಾಕಿ, 1887ರ ಆಗಸ್ಟ್‌ನಲ್ಲಿ ಅದು ಸತ್ತಿತು. ತಂದವರು ಹೋದ ಮೇಲೆ 36 ವರ್ಷ ಅದನ್ನು ಬೇರೆಯವರು ನೋಡಿಕೊಂಡರು.

ಹದಿನಾರರಲ್ಲಿ ಅನೆಮನಿ ಕೊಳ್ಳುವ ನೀವು ಹದಿನೆಂಟಕ್ಕೆ ಯೂನಿವರ್ಸಿಟಿಗೆ ಹೊರಡುತ್ತೀರಿ. ಹಾಸ್ಟೆಲಿಗೆ 200 ಲೀಟರಿನ ಟ್ಯಾಂಕ್ ಒಯ್ಯಲಾಗುವುದಿಲ್ಲ. ಆದ್ದರಿಂದ ದೀಪ, ಉಪ್ಪು, ಪಂಪಿನ ಲೆಕ್ಕಕ್ಕಿಂತ ಮೊದಲು ಮನೆಯವರನ್ನು ಕೂರಿಸಿಕೊಂಡು ಕೇಳಿ: ನಾನು ಹೋದ ಮೇಲೆ ಇದನ್ನು ಯಾರು ನೋಡಿಕೊಳ್ಳುತ್ತೀರಿ? ಉತ್ತರ ಇಲ್ಲದಿದ್ದರೆ ಕೊಳ್ಳಬೇಡಿ. ಇಳಿತದ ಹೊತ್ತಿಗೆ ಕಾರ್ನ್‌ವಾಲಿನದೋ ವೇಲ್ಸಿನದೋ ಬಂಡೆಗುಂಡಿಗಳನ್ನು ಬಗ್ಗಿ ನೋಡಿ. ಊರಿಗೆ ಹೋದಾಗ ನಮ್ಮ ಕರಾವಳಿಯ ಬಂಡೆಗಳ ನಡುವೆಯೂ ಹುಡುಕಿ, ಸಿಗುತ್ತವೆ. ನೋಡಿ, ಮುಟ್ಟದೆ ಬನ್ನಿ. ಅದಕ್ಕೆ ಖರ್ಚೂ ಇಲ್ಲ, ಪಾಪವೂ ಇಲ್ಲ.

ನಮ್ಮ ಮನೆಯ ವಿಷಯ? ಆ ಮೊದಲ ಸೋಲಿನ ನಂತರ ಟ್ಯಾಂಕನ್ನು ಮತ್ತೆ ಮೊದಲಿನಿಂದ ಕಟ್ಟಿ, ಹದಿನಾಲ್ಕು ತಿಂಗಳು ಕಾದೆವು. ಎರಡನೆಯ ಅನೆಮನಿ ಬಂದು ಐದು ವರ್ಷವಾಯಿತು. ಹೋದ ವರ್ಷ ಅದು ಎರಡಾಯಿತು. ಮಗಳು ಈಗ ಓದಲು ಬೇರೆ ಊರಿನಲ್ಲಿದ್ದಾಳೆ. ಭಾನುವಾರ ಬೆಳಗ್ಗೆ ಫೋನ್ ಮಾಡಿ, ಊಟ ಆಯ್ತಾ ಎಂದು ನಾನು ಕೇಳುವ ಮುಂಚೆ ಅವಳೇ ಕೇಳುತ್ತಾಳೆ: "ಅಪ್ಪ, ಉಪ್ಪು ಎಷ್ಟಿದೆ?" ನಾನು ನೋಟ್‌ಬುಕ್ ತೆಗೆದು ಅಂಕಿ ಓದಿ ಹೇಳುತ್ತೇನೆ. ಚೀಟಿ ಈಗಲೂ ಫ್ರಿಜ್ ಮೇಲೆಯೇ ಇದೆ.